ವೆಂಕಟಮ್ಮನ ಪೋರ್ಟ್‌ಬ್ಲೇರ್

ಯಜಮಾನರು ನಿವೃತ್ತರಾಗಿದ್ದಾರೆ, ಕೆಜಿಎಫ್‌ನ ಈ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಬಡಗಿಯೊಬ್ಬ ಅಂಗಳದಲ್ಲಿ ಕೂತು ಸಾಮಾನಿಗೆ ಪೆಟ್ಟಿಗೆ ಹೊಡೆಯುತ್ತಿದ್ದಾನೆ. ಕೊಯ್ದ ಮರದ ವಾಸನೆ ಅಡುಗೆಮನೆಯವರೆಗೂ ಬಂದಿದೆ. ದಾವಣಗೆರೆಯಲ್ಲಿ ಮೈದುನ ತನ್ನ ಮಹಡಿ ಮನೆಗೆ ಸುಣ್ಣಬಣ್ಣ ಮಾಡಿಸಿ ನಮಗಾಗಿ ಕಾಯುತ್ತಿದ್ದಾನೆ. ಸ್ವಂತ ಊರಿಗೆ ಹೋಗುವುದೆಂದರೆ ಸಂತೋಷಪಡಬೇಕಲ್ಲವೇ? ನಾನೋ, ವಾರದಿಂದ ಒಂದೇ ಡಬ್ಬವನ್ನು ಪೆಟ್ಟಿಗೆಗೆ ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದೇನೆ. ಇಲ್ಲೇ ಪಕ್ಕದ ಬಂಗಾರಪೇಟೆಯಲ್ಲಿ, ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಮನೆಯನ್ನೂ ನೋಡಿಟ್ಟಿದ್ದೇವೆ. "ನೀನೇ ತೀರ್ಮಾನ ಮಾಡು" ಎಂದು ಯಜಮಾನರು ಜಾಣತನದಿಂದ ಪೇಪರಿನ ಹಿಂದೆ ಸರಿದುಬಿಟ್ಟಿದ್ದಾರೆ.

ಈ ಮರದ ವಾಸನೆಗೆ ನನಗೆ ನೆನಪಾದದ್ದು ಪೋರ್ಟ್‌ಬ್ಲೇರ್. ನಗಬೇಡಿ, ಅಂಡಮಾನಿನ ಆ ರಾಜಧಾನಿಯನ್ನು ನಾನು ಕಂಡವಳಲ್ಲ. ಸಮುದ್ರವನ್ನೇ ನೋಡಿದ್ದು ಒಂದು ಸಲ, ಅದೂ ಸೀರೆ ನೆನೆದೀತೆಂದು ದೂರ ನಿಂತು. ಆದರೂ ಆ ಊರಿನ ಚರಿತ್ರೆ ಕೇಳಿ, ಒಪ್ಪಿಸುತ್ತೇನೆ. ಕಲಿಸಿದವಳು ವೆಂಕಟಮ್ಮ. ಬೇತಮಂಗಲದಿಂದ ಬಸ್ಸಿನಲ್ಲಿ ಸೊಪ್ಪು ತಂದು ನಮ್ಮ ಸಾಲಿನ ಮನೆಗಳಿಗೆಲ್ಲ ಮಾರುತ್ತಿದ್ದವಳು.

ಅವಳ ಗಂಡ ಮುನಿಯಪ್ಪ ಚಿನ್ನದ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುತ್ತಿದ್ದ. ಗಣಿ ಮುಚ್ಚಿದಾಗ ಜನವೆಲ್ಲ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರೆ, ಅವನು ಸೋದರಮಾವನ ಮಾತು ಕೇಳಿ ಮದ್ರಾಸಿನಲ್ಲಿ ಹಡಗು ಹತ್ತಿದ. ಪೋರ್ಟ್‌ಬ್ಲೇರ್‌ನ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ವೆಂಕಟಮ್ಮ ಹೊರಟದ್ದು ಅರೆಮನಸ್ಸಿನಿಂದ. "ಮನ್ಸು ನಿಲ್ಲಿಲ್ಲ ಅಂದ್ರೆ ಮುಂದಿನ ಅಡಗಲ್ಲೇ ವಾಪಸ್ ಬತ್ತೀನಕ್ಕ" ಎಂದು ಹೇಳಿ, ರಾಗಿಹಿಟ್ಟಿನ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡು ಹೋದಳು.

ಮುಂದಿನದನ್ನು ಅವಳು ತವರಿಗೆ ಬಂದಾಗಲೆಲ್ಲ ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹೇಳಿದ್ದಾಳೆ. ಅವರಿಗೆ ಸಿಕ್ಕಿದ್ದು ಹಲಗೆಯ ಮನೆ. ಮರದ ಮನೆ ಮಳೆಗಾಳಿಗೆ ಕಿರುಗುಟ್ಟುವುದು ಅಲ್ಲಿಯ ಕೂಸಿಗೂ ಗೊತ್ತು. ಆದರೆ ಗಣಿಯಲ್ಲಿ ಮರ ಕಿರುಗುಟ್ಟಿತೆಂದರೆ ಮೇಲಿನ ಬಂಡೆ ಬರುತ್ತಿದೆ ಎಂದರ್ಥ. ಕೈಲಿದ್ದದ್ದು ಬಿಸಾಕಿ ಓಡಬೇಕು. ಬಂದ ಹೊಸದರಲ್ಲಿ ಒಂದು ಭಾನುವಾರ ಉಂಡು ಮಲಗಿದ್ದ ಮುನಿಯಪ್ಪ ದಡಕ್ಕನೆ ಎದ್ದು, "ಮರ ಅಳ್ತೈತೆ! ಓಡ್ರೋ!" ಎಂದು ಹೆಂಡತಿಯನ್ನು ಎಳೆದುಕೊಂಡು ಹೊರಬಿದ್ದ. ಅಷ್ಟಕ್ಕೇ ಬಿಟ್ಟನೇ? ತನ್ನವರನ್ನಷ್ಟೇ ಉಳಿಸಿಕೊಂಡು ಬರುವುದು ಗಣಿಯವರ ಪದ್ಧತಿಯಲ್ಲ. ಸಾಲಿನ ಬಾಗಿಲುಗಳನ್ನೆಲ್ಲ ಬಡಿದು ಇಡೀ ಬೀದಿಯನ್ನು ಸುರಿಯುವ ಮಳೆಯಲ್ಲಿ ನಿಲ್ಲಿಸಿದ. ಮನೆಗಳು ಕಿರುಗುಟ್ಟುತ್ತ ಸುಖವಾಗಿ ನಿಂತೇ ಇದ್ದವು. ಬೀದಿಯವರು ಬಿದ್ದು ಬಿದ್ದು ನಕ್ಕರು.

ಹಾಗೆ ನೆನೆದು ನಿಂತವರಲ್ಲೇ ಆ ಊರಿನ ಚರಿತ್ರೆಯೆಲ್ಲ ಇತ್ತು. ಪಕ್ಕದ ಮನೆಯ ಮುದುಕಿಯ ತಾತ ಬ್ರಿಟಿಷರ ಕಾಲದಲ್ಲಿ ಕೈದಿಯಾಗಿ ಬಂದು, ಶಿಕ್ಷೆ ಮುಗಿದ ಮೇಲೆ ಅಲ್ಲೇ ಉಳಿದವನು. ಎದುರುಮನೆಯ ಬಂಗಾಳಿಗಳು ದೇಶ ಒಡೆದಾಗ ಬಂದವರು. ಆಚೆಯವರು ಕಾಡು ಕಡಿಯಲು ರಾಂಚಿಯಿಂದ ತಂದ ಕೂಲಿಗಳ ಮೊಮ್ಮಕ್ಕಳು, ಕೊನೆಯ ಮನೆಯವರು ಆಂಧ್ರದ ಬೆಸ್ತರು. ಎಲ್ಲರಿಗೂ ಸೇರಿ ಒಂದು ಮುರುಕು ಹಿಂದಿ. ದ್ವೀಪ ಮೊದಲು ಯಾರದಾಗಿತ್ತೋ ಆ ಕಾಡಿನ ಜನ ಮಾತ್ರ ಬೀದಿಯಲ್ಲಿ ಇರಲಿಲ್ಲ ಎಂದೂ ಅವಳೇ ಹೇಳಿದಳು.

ಬೀದಿಯವರ ಆ ನಗು ವೆಂಕಟಮ್ಮನಿಗೆ ನಾಟಿತು. ಮುಂದಿನ ಹಡಗಿಗೆ ಹೊರಟೇಬಿಡುವುದೆಂದು ಗಂಟು ಕಟ್ಟಿ ಕೂತಳು. ಕಡಲು ಕೆರಳಿತ್ತು, ಹಡಗೇ ಬರಲಿಲ್ಲ. ತೆಂಗು, ಮೀನು ಬಿಟ್ಟರೆ ಅಲ್ಲಿ ಮಿಕ್ಕದ್ದೆಲ್ಲ ಹಡಗಿನಲ್ಲೇ ಬರಬೇಕಂತೆ: ಅಕ್ಕಿ, ಬೇಳೆ, ಸಿಮೆಂಟು, ಮೊಳೆ. ಅಂಗಡಿಯಲ್ಲಿ ಮೊದಲು ಈರುಳ್ಳಿ ಮಾಯವಾಯಿತು, ಆಮೇಲೆ ಆಲೂಗಡ್ಡೆ. ನಕ್ಕವರೇ ಬಾಗಿಲಿಗೆ ಬಂದರು. ಬೆಸ್ತರ ಮನೆಯಿಂದ ಮೀನು, ಮುದುಕಿಯಿಂದ ಒಂದು ಪಾವು ಅಕ್ಕಿ. ಇಸಿದುಕೊಂಡು ಸುಮ್ಮನಿರಲಾದೀತೇ? ಕಟ್ಟಿದ ಗಂಟು ಬಿಚ್ಚಿ ರಾಗಿಹಿಟ್ಟು ತೆಗೆದು ಬೀದಿಗೆಲ್ಲ ಮುದ್ದೆ ಮಾಡಿದಳು. ಬಂಗಾಳಿ ಹೆಂಗಸು ಅಗಿದೂ ಅಗಿದೂ ದವಡೆ ಹಿಡಿದುಕೊಂಡು ಕೂತಾಗ, "ಅಗೀಬ್ಯಾಡ ಕಣಮ್ಮಾ, ನುಂಗು!" ಎಂದು ಅಭಿನಯಿಸಿ ತೋರಿಸಿದಳಂತೆ. ಆ ಸಲ ನಕ್ಕದ್ದು ವೆಂಕಟಮ್ಮ.

ಕೊನೆಗೆ ಹಡಗು ಬಂತು. ಅವಳು ಬಂದರಿಗೆ ಹೋದಳು, ಈರುಳ್ಳಿ ತರುವುದಕ್ಕೆ.

ಮುಂದೆ ಕಾಡು ಕಡಿಯಬಾರದೆಂದು ಕೋರ್ಟು ಹೇಳಿತು, ಮರದ ಕೆಲಸ ಸೊರಗಿತು. "ಇಲ್ಲಿ ಚಿನ್ನ ಓಯ್ತು, ಅಲ್ಲಿ ಮರ ಓಯ್ತು, ಎಲ್ಲಾ ನನ್ ಕಾಲ್ಗುಣ" ಎಂದು ಮುನಿಯಪ್ಪ ನಗುತ್ತಿದ್ದ. ಬ್ರಿಟಿಷರ ಕಾಲದ ಆ ಜೈಲು ನೋಡಲು ಬರುವ ಪ್ರವಾಸಿಗರ ಲಾಡ್ಜಿನಲ್ಲಿ ಈಗ ಕಾವಲಿಗಿದ್ದಾನೆ. ಊರಿಗೆ ಹೊಸ ಹೆಸರೂ ಬಂದಿದೆ. ಕೈದಿಗಳಿಂದ ಶುರುವಾಗಿ, ಮರದಿಂದ ಬದುಕಿ, ಈಗ ನೋಡಬಂದವರಿಂದ ಉಣ್ಣುವ ಊರು. ನಮ್ಮ ಕೆಜಿಎಫ್‌ಗೆ ಇಂಥ ಎರಡನೆಯ ಬದುಕು ಇನ್ನೂ ಪೂರ್ತಿ ಸಿಕ್ಕಿಲ್ಲವೆಂದು ಹೊಟ್ಟೆಯುರಿಯುತ್ತದೆ.

ಹೋದ ಬೇಸಿಗೆಯಲ್ಲಿ ಬಂದಾಗ, "ಅಷ್ಟು ಅವಮಾನ ಆದ ಊರಲ್ಲಿ ಹೇಗೆ ಉಳಿದೆಯೇ?" ಎಂದು ಕೇಳಿದೆ.

"ಅವಮಾನ ಆಯ್ತಲ್ಲಾ, ಅದಕ್ಕೇ ಉಳ್ಕಂಡೆ ಕಣಕ್ಕ. ಒಂದ್ಸಲ ಯಾರ್ ಮುಂದೆ ಮರ್ವಾದೆ ಓಯ್ತೋ ಅವರ್ ಮುಂದೆ ಇನ್ನೇನ್ ನಾಚ್ಕೆ? ಅಕ್ಕಿ ಇಲ್ಲ ಅಂದ್ರೆ ಬಾಯ್ಬಿಟ್ಟು ಕೇಳ್ಬೋದು."

ಆ ಮಾತು ಇವತ್ತು ಬಿಡುತ್ತಿಲ್ಲ. ದಾವಣಗೆರೆಯಲ್ಲಿ ನನ್ನನ್ನು ಕಂಡು ಯಾರೂ ನಕ್ಕಿಲ್ಲ. ಇಷ್ಟು ವರ್ಷವಾದರೂ ಅಲ್ಲಿ ನನಗೆ ನೆಂಟರ ಲೋಟದಲ್ಲೇ ಕಾಫಿ. ಇಲ್ಲಿಯವರು ನನ್ನ ತಮಿಳಿಗೆ ನಕ್ಕಿದ್ದಾರೆ, ತೆಲುಗಿಗೆ ಇನ್ನೂ ಜೋರಾಗಿ ನಕ್ಕಿದ್ದಾರೆ. ನನಗೆ ಜ್ವರ ಬಂದಾಗ ಕೇಳದೆಯೇ ಅಡುಗೆಮನೆಗೆ ನುಗ್ಗಿ ಸಾರು ಮಾಡಿದವರೂ ಅವರೇ. ಇವರನ್ನು ಬಿಟ್ಟು ಹೋಗಲು ನನಗೆ ಇಷ್ಟವಿಲ್ಲ.

"ಲಾರಿಯವನು ಫೋನ್ ಮಾಡಿದ್ದ," ಪೇಪರಿನ ಹಿಂದಿನಿಂದ ಯಜಮಾನರು ಹೇಳಿದರು. "ಯಾವೂರು ಅಂತ ಹೇಳ್ಲಿ?"

"ಬಂಗಾರಪೇಟೆ" ಎಂದೆ.

ಅವರು ಪೇಪರ್ ಮಡಿಸಿ, ಜೇಬಿನಿಂದ ಬೀಗದ ಕೈ ತೆಗೆದು ನನ್ನ ಮುಂದಿಟ್ಟರು. "ಮೊನ್ನೇನೇ ಇಸ್ಕೊಂಡು ಬಂದೆ. ನೀನು ದಾವಣಗೆರೆ ಅಂದಿದ್ರೆ ಸುಮ್ಮನೆ ವಾಪಸ್ ಕೊಟ್ಟು ಬರ್ತಿದ್ದೆ."