ಬೇಸಿಗೆಯಲ್ಲಿ ಸಮುದ್ರ ಎಷ್ಟು ಇಳಿಯುತ್ತೆ?

"ಬೇಸಿಗೆಯಲ್ಲಿ ನಿಮ್ಮೂರಿನ ಸಮುದ್ರ ಎಷ್ಟು ಇಳಿಯುತ್ತಮ್ಮಾ?"

ಇದು ನಮ್ಮ ಸರೋಜಕ್ಕ ಕುಂದಾಪುರದ ಟೆಲಿಫೋನ್ ಆಪರೇಟರಿಗೆ ಕೇಳಿದ ಪ್ರಶ್ನೆ. ಆ ಕಡೆಯ ಹೆಂಗಸು ಬಿದ್ದು ಬಿದ್ದು ನಕ್ಕಳಂತೆ. "ಸಮುದ್ರ ಎಲ್ಲಿಗೆ ಹೋಪುದು ಮಾರಾಯ್ರೆ?" ಅಂದಳಂತೆ.

ನೀವೂ ನಗುತ್ತಿದ್ದೀರಾ? ನಗಿ. ನಾನೂ ನಕ್ಕೆ. ಆದರೆ ಚಿಂತಾಮಣಿಯಲ್ಲೇ ಹುಟ್ಟಿ, ಚಿಂತಾಮಣಿಯಲ್ಲೇ ಕೆಲಸ ಮಾಡಿದವಳು ಇನ್ನೇನು ಕೇಳಬೇಕಿತ್ತು ಹೇಳಿ? ನಾವು ಕಂಡ ನೀರೆಲ್ಲ ಸಂಕ್ರಾಂತಿ ಕಳೆದ ಮೇಲೆ ಇಳಿಯುವ ನೀರೇ. ಕೆರೆ ಇಳಿಯುತ್ತೆ, ಬಾವಿ ಇಳಿಯುತ್ತೆ. ಬೋರ್‌ವೆಲ್ ಅಂತೂ ಒಂದು ಬೆಳಿಗ್ಗೆ ಬುಸ್ ಅಂತ ಗಾಳಿ ಬಿಟ್ಟು ಸುಮ್ಮನಾಗುತ್ತೆ.

ಸರೋಜಕ್ಕ ನನ್ನ ಸ್ವಂತ ಅಕ್ಕ. ಮದುವೆಯಾಗಲಿಲ್ಲ. ನನ್ನನ್ನೂ ನಮ್ಮಣ್ಣ ನಾಗರಾಜನನ್ನೂ ಓದಿಸಿದವಳು ಅವಳೇ. ಹುಡುಗಿಯಾಗಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತವಳು ಈಗ ಬರುವ ಮಾರ್ಚಿಗೆ ರಿಟೈರ್. (ಊರ ತುಂಬ ಎಸ್‌ಟಿಡಿ ಬೂತ್‌ಗಳು ಬಂದಮೇಲೆ ಟ್ರಂಕ್‌ಕಾಲ್ ಕೇಳುವವರೂ ಕಡಿಮೆ.) ಕಂಡ ಊರು ಕಡಿಮೆ, ಕೇಳಿದ ಊರು ಬಹಳ. ಹೊನ್ನಾವರ, ಕಾರವಾರ, ಕುಂದಾಪುರ, ಎಲ್ಲ ಕಡೆಯ ಆಪರೇಟರುಗಳ ದನಿ ಅವಳಿಗೆ ಪರಿಚಯ. ಲೈನ್ ಖಾಲಿ ಇದ್ದಾಗ ಊಟ ಆಯ್ತಾ, ಮಳೆ ಬಂತಾ ಅಂತ ಎರಡು ಮಾತು. ಅವರಲ್ಲಿ ಒಬ್ಬಳು ಯಾವಾಗಲೋ ಕಿಟಕಿ ತೆಗೆದು ರಿಸೀವರ್ ಹೊರಗೆ ಹಿಡಿದು, "ಕೇಳಿ, ಇದೇ ಸಮುದ್ರ" ಅಂದಿದ್ದಳಂತೆ. ಅಕ್ಕನಿಗೆ ಕೇಳಿದ್ದು ಬರೀ ಗೊರಗೊರ ಸದ್ದು. ಆದರೂ ಅವತ್ತೇ ತೀರ್ಮಾನ ಮಾಡಿಬಿಟ್ಟಳು, ರಿಟೈರ್ ಆದಮೇಲೆ ನೀರಿನ ಪಕ್ಕದ ಊರಲ್ಲೇ ಇರುವುದು ಅಂತ.

ಸರಿ, ಊರು ಹುಡುಕಬೇಕಲ್ಲ? ನನ್ನ ಹತ್ತಿರ ಹಳೇ ಫಿಯೆಟ್ ಇದೆ. ನಂದಿ ರಸ್ತೆಯಲ್ಲಿ ದ್ರಾಕ್ಷಿ ತೋಟದವರನ್ನೆಲ್ಲ ಹೆದರಿಸಿ ಡ್ರೈವಿಂಗ್ ಕಲಿತಿದ್ದೇನೆ. ನಾವಿಬ್ಬರೇ ಹೋಗುವುದು ಅಂತಾಯಿತು. ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು: "ಸ್ಟೆಪ್ನಿಗೆ ಗಾಳಿ ಹಾಕಿಸ್ಕೋ."

ಅಕ್ಕನ ಮನೆಯ ನೆಲದ ಮೇಲೆ ಮ್ಯಾಪ್ ಹರಡಿ ಕೂತೆವು. ಹೋಗುವುದು ಮೇ ತಿಂಗಳಲ್ಲಿ ಅಂದಳು. ಆ ಬಿಸಿಲಲ್ಲಾ? ಮಳೆಗಾಲ ಮುಗಿದ ಮೇಲೆ ಹೋದರೆ ಚೆನ್ನಾಗಿರುತ್ತೆ ಅಂದೆ. "ಮಳೆ ಬಂದಾಗ ನಮ್ಮೂರೂ ಚೆನ್ನಾಗಿರುತ್ತೆ ಕಣೇ. ಮೇ ತಿಂಗಳಲ್ಲಿ ಇದ್ರೆ ತಾನೇ ಅದು ನೀರು?" ಅಂದಳು. ಸ್ಟೌವ್, ಒಂದು ಸಣ್ಣ ಪಾತ್ರೆ, ಡಬ್ಬಿ ತುಂಬ ತೊಗರಿಬೇಳೆ ಆಗಲೇ ರೆಡಿ. ಹೋದ ಊರಲ್ಲೆಲ್ಲ ಅಲ್ಲಿನ ಬಾವಿ ನೀರಲ್ಲಿ ಬೇಳೆ ಬೇಯಿಸಿ ನೋಡುವುದಂತೆ. ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಸಂಬಳಕ್ಕಿಂತ ಮೊದಲು ಆ ಊರ ನೀರಲ್ಲಿ ಬೇಳೆ ಬೇಯುತ್ತಾ ಅಂತ ಕೇಳುತ್ತಾರೆ. ಕುಕ್ಕರ್ ತಗೊಂಡು ಹೋಗೋಣ ಅಂದರೆ ಬೇಡವೇ ಬೇಡ. ಕುಕ್ಕರ್ ಸುಳ್ಳು ಹೇಳುತ್ತಂತೆ, ಯಾವ ನೀರಲ್ಲೂ ಬೇಯಿಸಿಬಿಡುತ್ತೆ!

ಇಷ್ಟೆಲ್ಲ ಆದಮೇಲೆ ಅಣ್ಣನಿಗೆ ವಿಷಯ ಗೊತ್ತಾಯಿತು. ಭಾನುವಾರ ಇಬ್ಬರೂ ಗೌರಿಬಿದನೂರಿಗೆ ಬನ್ನಿ ಅಂತ ಕರೆ ಬಂತು. ಅಣ್ಣ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ನಾವು ಕೂರುವ ಮೊದಲೇ ಪಾಠ ಶುರು.

"ಅಕ್ಕಾ, ನಿನಗೋಸ್ಕರ ಮಹಡಿ ಮೇಲೆ ರೂಮ್ ಹಾಕಿಸಿದ್ದೀನಿ. ಗಾಳಿ, ಬೆಳಕು ಎಲ್ಲ ಇದೆ. ಈ ವಯಸ್ಸಲ್ಲಿ ಸಮುದ್ರ ಗಿಮುದ್ರ ಏನಕ್ಕಾ? ಜನ ಏನಂತಾರೆ?"

"ನೀರು ನೋಡ್ಬೇಕು ಕಣೋ."

"ನೀರು ತಾನೇ? ನಮ್ಮೂರಲ್ಲಿ ಹೊಳೆ ಇಲ್ವಾ? ಪಿನಾಕಿನಿ! ನಡಿ ತೋರಿಸ್ತೀನಿ."

ಮೂವರೂ ಹೋಗಿ ಸೇತುವೆ ಮೇಲೆ ನಿಂತೆವು. ಕೆಳಗೆ ಮರಳು. ಮರಳಿನ ಮೇಲೆ ಇಟ್ಟಿಗೆ ಜೋಡಿಸಿ ಸ್ಟಂಪ್ ಮಾಡಿಕೊಂಡು ಕ್ರಿಕೆಟ್ ನಡೆಯುತ್ತಿತ್ತು. ಬೌಲರ್ ಓಡಿ ಬರುತ್ತಿದ್ದದ್ದೇ ಹೊಳೆಯ ನಟ್ಟನಡುವಿನಿಂದ.

"ನೀಳ್ಳು ಎಕ್ಕಡಪ್ಪಾ?" ಅಂದಳು ಅಕ್ಕ. (ಕೋಪ ಬಂದರೆ ಅವಳಿಗೆ ತೆಲುಗು ಬರುತ್ತದೆ. ನೀರು ಎಲ್ಲಪ್ಪಾ ಅಂತ.)

"ಮಳೆಗಾಲದಲ್ಲಿ ನೋಡ್ಬೇಕಕ್ಕಾ..." ಅಂದ ಅಣ್ಣ. ಅಕ್ಕ ನನ್ನ ಕಡೆ ತಿರುಗಿ, ನಮ್ಮ ಮ್ಯಾಪಿನಲ್ಲಿರುವ ಹೊಳೆ ಊರುಗಳನ್ನೆಲ್ಲ ಹೊಡೆದುಹಾಕು, ಸಮುದ್ರ ಮಾತ್ರ ಇರಲಿ ಅಂದಳು.

ಮನೆಗೆ ಬಂದೆವು. ಕಾಫಿ ಕೊಡುತ್ತಾ ಅತ್ತಿಗೆ ಅಕ್ಕರೆಯಿಂದಲೇ ಹೇಳಿದರು: "ಬಂದ್ಬಿಡಿ ಅಕ್ಕಾ. ಇಲ್ಲಿ ದಿನ ಬಿಟ್ಟು ದಿನ ನಲ್ಲಿ ಬರುತ್ತೆ, ಅದೂ ಕೋಳಿ ಕೂಗೋ ಹೊತ್ತಿಗೆ. ನಾನು ಇವರು ಇಬ್ರೂ ಸ್ಕೂಲಿಗೆ ಹೊರಡ್ಬೇಕು. ಮನೇಲಿ ನೀವಿದ್ರೆ ನೀರಿನ ಯೋಚನೆ ಇರಲ್ಲ."

ಅಣ್ಣ ಕಾಫಿ ಲೋಟದೊಳಗೆ ಏನೋ ಹುಡುಕತೊಡಗಿದ.

ಅಣ್ಣ ಕೆಟ್ಟವನಲ್ಲ. ಆ ರೂಮಿನಲ್ಲಿ ಪ್ರೀತಿಯೂ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಪ್ರೀತಿಯ ಕೈಯಲ್ಲೊಂದು ಬಿಂದಿಗೆಯೂ ಇತ್ತಲ್ಲ? ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮಾತಾಡಿದಳು. ಜಗಳದ ದನಿಯಲ್ಲ, ಟ್ರಂಕ್‌ಕಾಲ್ ಕನೆಕ್ಟ್ ಮಾಡುವಾಗಿನ ದನಿ.

"ನಾಗಾ, ಲಂಗ ಹಾಕೋ ವಯಸ್ಸಿನಿಂದ ನೀರು ಹೊತ್ತಿದ್ದೀನಿ. ಡ್ಯೂಟಿಗೆ ಮುಂಚೆ ಹೊತ್ತೆ, ಡ್ಯೂಟಿ ಮುಗಿಸಿ ಬಂದು ಹೊತ್ತೆ. ನಾನು ನೀರು ನೋಡಿದಾಗೆಲ್ಲ ಅದು ನನ್ನ ಸೊಂಟದ ಮೇಲೇ ಇತ್ತು. ಒಂದ್ಸಲ ನಾನು ಹೊರಬೇಕಾಗಿಲ್ಲದ ನೀರಿನ ಮುಂದೆ ಕೂತ್ಕೋಬೇಕಪ್ಪಾ. ಅಷ್ಟೇ."

ಅತ್ತಿಗೆ ಕಣ್ಣೊರೆಸಿಕೊಂಡರು. ಅವರಾದರೂ ಅಷ್ಟೇ ತಾನೇ, ಹೊತ್ತವರೇ. ನಾವು ಹೊರಟಾಗ ಕಾರಿನ ಕಿಟಕಿಯ ಹತ್ತಿರ ಬಂದು, "ಅಲ್ಲಿ ಮನೆ ದೊಡ್ಡದೇ ನೋಡಿ ಅಕ್ಕಾ, ನಾನೂ ಬರ್ತೀನಿ" ಅಂತ ಮೆಲ್ಲಗೆ ಹೇಳಿದರು. (ಅಣ್ಣನಿಗೆ ಇದು ಇನ್ನೂ ಗೊತ್ತಿಲ್ಲ. ಅವನು ಈ ಕಾಲಂ ಓದುವುದಿಲ್ಲ ಅಂದುಕೊಂಡಿದ್ದೇನೆ.)

ಗಂಡಸು ರಿಟೈರ್ ಆದರೆ ಹಾರ, ಈಸಿಚೇರು, ಬೆಳಿಗ್ಗೆ ಪೇಪರು. ಹೆಂಗಸು ರಿಟೈರ್ ಆದರೆ? ಆಫೀಸಿನ ಡ್ಯೂಟಿ ಒಂದು ಕಳೆದು ಮನೆ ಡ್ಯೂಟಿ ಎರಡಾಗುತ್ತೆ. ಹೇಗೂ ಮನೇಲಿ ಇರ್ತಾಳಲ್ಲ! ನಲ್ಲಿ, ಗ್ಯಾಸು, ಮೊಮ್ಮಕ್ಕಳ ಟಿಫಿನ್ ಡಬ್ಬಿ, ಎಲ್ಲ ಅವಳ ತಲೆಗೆ. ಅವಳು ಹೋಗುವುದಿದ್ದರೆ ಕಾಶಿಗೆ ಹೋಗಲಿ, ಯಾರದ್ದೂ ಅಡ್ಡಿಯಿಲ್ಲ. ಕಾರವಾರಕ್ಕೆ ಅಂದರೆ ಮಾತ್ರ ತಲೆ ಕೆಟ್ಟಿದೆ ಅಂತಾರೆ. ಯಾಕೆ, ಪುಣ್ಯಕ್ಕಲ್ಲದೆ ಬರೀ ಖುಷಿಗೆ ನೀರು ನೋಡಬಾರದಾ?

ನಾವಂತೂ ಹೊರಡುತ್ತಿದ್ದೇವೆ. ಮೇ ತಿಂಗಳಲ್ಲೇ. ಡಿಕ್ಕಿಯಲ್ಲಿ ಬೇಳೆ ಡಬ್ಬಿ ಕೂತಾಗಿದೆ. ಬೇಳೆ ಬೇಯದ ಊರಾದರೆ ಮುಂದಿನ ಊರು. ಘಾಟಿ ರಸ್ತೆಯಲ್ಲಿ ಹೆಂಗಸು ಡ್ರೈವ್ ಮಾಡಬಾರದು ಅಂತ ಮೂರು ಬೀದಿಯವರು ಬಂದು ಹೇಳಿ ಹೋಗಿದ್ದಾರೆ. ಅವರಿಗೂ ಕಾಫಿ ಕೊಟ್ಟು ಕಳಿಸಿದ್ದೇನೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಕೊನೇ ಪ್ರಯತ್ನ. "ಅಲ್ಲ ಕಣೇ, ಒಂಟಿ ಹೆಂಗಸು ದಿನವೆಲ್ಲಾ ಆ ಸಮುದ್ರದ ಮುಂದೆ ಕೂತು ಏನ್ ಮಾಡ್ತಾಳೆ, ಅವಳನ್ನೇ ಕೇಳು."

ಕೇಳಿದೆ. "ಏನೂ ಮಾಡಲ್ಲ ಅಂತ ಹೇಳು" ಅಂದಳು.

ನಾಳೆ ಅಣ್ಣನೂ ರಿಟೈರ್ ಆಗಿ ಈಸಿಚೇರಿನಲ್ಲಿ ಕೂರುತ್ತಾನಲ್ಲ, ಆಗ ಅವನನ್ನು ಯಾರಾದರೂ ಈ ಪ್ರಶ್ನೆ ಕೇಳುತ್ತಾರಾ?