ಗೋಮಾಳದ ತೋಳಗಳು

ನಮ್ಮ ಊರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ದಂಡಿಗನಹಳ್ಳಿ ದಾಟಿ ಇನ್ನಷ್ಟು ಒಳಗೆ. ಊರ ಹಿಂದಿನ ಗೋಮಾಳದಲ್ಲಿ ಮರ ಕಡಿಮೆ. ಇದ್ದದ್ದೆಲ್ಲ ಹುಲ್ಲು, ಕಲ್ಲುಗುಂಡು. ನನ್ನ ಗಂಡನ ಅಣ್ಣ ಅಲ್ಲಿ ಕುರಿ ಮೇಯಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಾನೂ ಅವರ ಜೊತೆ ಹೋಗತೊಡಗಿದೆ. ಭಾವನದು ಮಾತು ಕಮ್ಮಿ. ಕಂಬಳಿ ಹಾಸಿ ಕೂತರೆ ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೂ ಬಾಯಿ ಬಿಡುತ್ತಿರಲಿಲ್ಲ.

ಆಗ ಹಾಸನದಿಂದ ಕಾಡುಪ್ರಾಣಿ ಉಳಿಸುವ ಸಂಘದ ಹೆಣ್ಣುಮಗಳೊಬ್ಬಳು ಸ್ಕೂಟಿಯಲ್ಲಿ ಬರಲು ಶುರುಮಾಡಿದಳು. ಕಲ್ಲುಗುಂಡಿನ ಸಂದಿಯಲ್ಲಿ ತೋಳ ಮರಿ ಹಾಕಿದೆ, ಅದಕ್ಕೆ ವಿಷ ಇಡಬೇಡಿ ಎನ್ನುವುದು ಅವಳ ಮಾತು. ತೋಳ ಕುರಿ ಹಿಡಿದರೆ, ತಿಂದು ಬಿಟ್ಟ ಮಾಂಸಕ್ಕೆ ಹೊಲಕ್ಕೆ ಹೊಡೆಯುವ ಹುಳದ ಔಷಧಿ ಸುರಿದು ಬರುವುದು ನಮ್ಮ ಕಡೆಯ ವಾಡಿಕೆ. ಊರಿನವರು ನಕ್ಕು ಕಳಿಸಿದರು. ಅವಳು ಬಿಡಲಿಲ್ಲ. ವಾರವಾರವೂ ಬಂದು ನಮ್ಮ ಪಕ್ಕ ಕೂತು, ನಮ್ಮ ಬುತ್ತಿಯ ಮುದ್ದೆಯನ್ನೇ ಮುರಿದು ತಿಂದಳು.

ಒಂದು ದಿನ ಭಾವ ತಾವಾಗಿಯೇ ಕೇಳಿದರು: "ಅಲ್ಲ ಕಣವ್ವ, ನನ್ ಮರಿ ತಿನ್ನೋದ ನಾನ್ಯಾಕೆ ಸಾಕ್ಲಿ?"

"ಸಾಕ್ಬೇಡಿ ಅಪ್ಪಾಜಿ, ಸುಮ್ನೆ ಬಿಟ್ಬಿಡಿ," ಅಂದಳು. "ಕುರಿ ಕೂಡೋ ನಿಮ್ಮ ರೊಪ್ಪಕ್ಕೆ ಗಟ್ಟಿ ಬೇಲಿ ನಾವು ಹಾಕಿಸ್ಕೊಡ್ತೀವಿ. ಹುಲ್ಲಿನ ಬೀಜ ಉದುರೋವರೆಗೆ ಅರ್ಧ ಗೋಮಾಳ ಮೇಯಿಸ್ಬೇಡಿ. ಹುಲ್ಲು ಬಂದ್ರೆ ಮೊಲ ಬರ್ತವೆ. ಮೊಲ ಸಿಕ್ರೆ ತೋಳ ನಿಮ್ಮ ತಂಟೆಗೆ ಬರೋದು ಕಮ್ಮಿ ಆಗುತ್ತೆ."

ಭಾವ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮಾತೇ ಆಡದ ಮನುಷ್ಯ ಬೇರೆ ಕುರಿಯವರ ಮನೆಮನೆಗೆ ಹೋಗಿ ಕೈಮುಗಿದು ಹೇಳಿ ಬಂದರು. ಎರಡು ಮಳೆಗಾಲದಲ್ಲಿ ಹುಲ್ಲು ಮೊಣಕಾಲು ಮುಚ್ಚುವಷ್ಟು ಬಂತು. ಒಮ್ಮೆ ಅವರು ಆಸೆಯಿಂದ ಸಾಕಿದ್ದ ಟಗರುಮರಿಯನ್ನು ತೋಳ ಎಳೆದುಕೊಂಡು ಹೋಯಿತು. ಅವತ್ತು ಭಾವ ಊಟ ಮಾಡಲಿಲ್ಲ. ಔಷಧಿಯನ್ನೂ ಮುಟ್ಟಲಿಲ್ಲ.

ಮುಂದಿನ ಮುಂಗಾರಿಗೆ ಜೆಸಿಬಿ ಬಂತು. ಬೇರೆ ಯಾರೋ ಪರಿಸರದವರು, ಬರಡು ನೆಲದಲ್ಲಿ ಕಾಡು ಬೆಳೆಸುತ್ತೇವೆ ಎಂದು ಊರ ಹಿರಿಯರನ್ನು ಒಪ್ಪಿಸಿದ್ದರಂತೆ. ಹುಲ್ಲು ಕಿತ್ತು ಟ್ರೆಂಚ್ ಹೊಡೆದರು, ಅಕೇಶಿಯಾ ಸಸಿ ನೆಟ್ಟರು, ಸುತ್ತ ತಂತಿ ಎಳೆದರು. ಹಾಸನದ ಹುಡುಗಿ ಬಂದು ಎಲ್ಲರ ಹತ್ತಿರವೂ ಬೇಡಿಕೊಂಡಳು. ಕೊನೆಗೆ ನನ್ನ ಹತ್ತಿರ ಬಂದು, "ಹುಲ್ಲು ಅಂದ್ರೆ ಅವರ ಕಣ್ಣಿಗೆ ಖಾಲಿ ಜಾಗ ಅಮ್ಮ," ಅಂದಳು. ಭಾವ ಜೆಸಿಬಿಗೆ ಅಡ್ಡ ನಿಂತರು. "ನಾನೂ ಕೂಲಿಯವ್ನೆಯ ಯಜಮಾನ್ರೇ, ಪಕ್ಕಕ್ಕೆ ಬನ್ನಿ," ಅಂದ ಡ್ರೈವರ್. ಊರಿನವರೇ ತೋಳು ಹಿಡಿದು ಈಚೆಗೆ ಕರೆತಂದರು. ಸಂಜೆಯೊಳಗೆ ಕಲ್ಲುಗುಂಡೂ ಉರುಳಿತು.

ನೆಲೆ ಕಳೆದುಕೊಂಡ ತೋಳಗಳು ಊರೊಳಗೇ ಬರತೊಡಗಿದವು. ಒಂದು ಬೆಳಿಗ್ಗೆ ಪಕ್ಕದ ಮನೆಯವನ ರೊಪ್ಪದ ತುಂಬ ಕುರಿ ಸತ್ತು ಬಿದ್ದಿದ್ದವು. ಅವನು ಒಂದು ಗಬ್ಬದ ಕುರಿಯನ್ನು ಕಾಲು ಹಿಡಿದು ಎಳೆದುತಂದು ನಮ್ಮ ಅಂಗಳದಲ್ಲಿ ಹಾಕಿದ.

"ನೀನೇ ತಾನೆ ಅವುನ್ನ ಉಳಿಸ್ದೋನು. ತಗಳಣ್ಣ, ನೀನೇ ಇಟ್ಕ," ಅಂದ.

ಅವನು ಹೋದ ಮೇಲೆ ಭಾವ ಎದ್ದು, ಹಿತ್ತಲಿನಿಂದ ಔಷಧಿ ಬಾಟಲಿ ತಂದರು.

"ಬ್ಯಾಡಿ ಭಾವ," ಅಂದೆ.

"ಇವತ್ತು ಯಾರಾದ್ರೂ ಇಟ್ಟೇ ಇಡ್ತಾರೆ ಕಣವ್ವ. ಬ್ಯಾರೆಯೋರು ಇಟ್ರೆ ಊರ ನಾಯಿ, ನವಿಲು ಎಲ್ಲ ಸಾಯ್ತವೆ. ತೋಳ ಓಗೋ ದಾರಿ ನಂಗೊತ್ತು."

ಕುರಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಮರುದಿನ ಹುಡುಗಿಗೆ ಫೋನ್ ಮಾಡಿಸಿದ್ದೂ ಅವರೇ. ಅವಳು ಬಂದಾಗ ತಾಯಿ ತೋಳ, ಒಂದು ಬೆಳೆದ ಮರಿ, ಎರಡೂ ಟ್ರೆಂಚಿನ ಪಕ್ಕ ಸೆಟೆದು ಬಿದ್ದಿದ್ದವು. ತಾಯಿಯ ಬಾಯಿ ತುಂಬ ಮಣ್ಣಿತ್ತು.

"ನಾನೇ ಇಟ್ಟಿದ್ದು," ಅಂದರು ಭಾವ.

ಅವಳು ಕುಕ್ಕರಗಾಲಲ್ಲಿ ಕೂತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಬೈದಿದ್ದರೆ ಭಾವನಿಗೆ ಹಗುರಾಗುತ್ತಿತ್ತೇನೋ. ಮೂವರೂ ಸೇರಿ ಅಲ್ಲೇ ಮಣ್ಣು ಮಾಡಿದೆವು.

ಮೇಯಿಸಲು ಜಾಗವಿಲ್ಲದೆ ಕುರಿಗಳನ್ನು ಬಾಗೂರಿನ ಕಡೆಯವರಿಗೆ ಕೊಟ್ಟೆವು. ಸಸಿಗಳಲ್ಲಿ ಬಹಳಷ್ಟು ಬೇಸಿಗೆಗೆ ಒಣಗಿದವು. ಬದುಕಿದ ಅಕೇಶಿಯಾದ ಬುಡದಲ್ಲಿ ಒಂದು ಕಡ್ಡಿ ಹುಲ್ಲೂ ಇಲ್ಲ. ನಾನೀಗ ಬೇರೆಯವರ ಹೊಲಕ್ಕೆ ಆಲೂಗಡ್ಡೆ ಕೀಳಲು ಹೋಗುತ್ತೇನೆ.

ಈ ವರ್ಷ ಹುಡುಗಿ ಇನ್ನೊಮ್ಮೆ ಬಂದಿದ್ದಳು. ಅರಕಲಗೂಡು ಕಡೆ ಒಂದು ಹುಲ್ಲುಗಾವಲಿದೆಯಂತೆ. ಅಲ್ಲಿನ ಕುರಿಯವರ ಹತ್ತಿರ ಮಾತಾಡಲು ಭಾವನನ್ನು ಕರೆದಳು.

"ಬಂದು ಅವ್ರಿಗೆ ಏನಂತ ಏಳ್ಲವ್ವ ನಾನು?" ಅಂದರು ಭಾವ.

ಅವಳು ನಾನು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಒಬ್ಬಳೇ ಹೊರಟಳು.