ನಿಲ್ಲಬಹುದು, ನಡೆಯಬಾರದು

ಥಾಣೆಯ ಈಜುಕೊಳದಲ್ಲಿ ಹಿರಿಯರ ಸ್ಪರ್ಧೆ. ಈಜುವವರು ನಿಯಮ ತಪ್ಪಿದರೆ ಕೈ ಎತ್ತುವ ಕೆಲಸ ನನ್ನದು. ಫ್ರೀಸ್ಟೈಲ್ ಶುರುವಾಗಿತ್ತು. ಬೆಳಿಗ್ಗೆ ನನ್ನ ಜೊತೆ ಕನ್ನಡದಲ್ಲಿ ಹರಟಿದ್ದ, ಕಲ್ಯಾಣದಲ್ಲಿ ಹೋಟೆಲ್ ನಡೆಸುವ ಉಡುಪಿಯ ರಾಯರು ಕೊಳದ ನಡುವೆ ಎದ್ದು ನಿಂತುಬಿಟ್ಟರು. ಎದೆಮಟ್ಟದ ನೀರು. ನೀಲಿ ನೆಲದ ಮೇಲೆ ಬಿಸಿಲಿನ ಬಲೆಯೊಂದು ಅವರ ಕಾಲ ಸುತ್ತ ಮೆಲ್ಲಗೆ ಅಲುಗುತ್ತಿತ್ತು. ರೇಸು ಮರೆತು ಅದನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

"ಬಾದ್ ಕರಾ ತ್ಯಾಂನಾ!" ಅವರನ್ನು ಔಟ್ ಮಾಡಿ ಎಂದು ಪಕ್ಕದ ಲೇನಿನವರ ಕೋಚ್ ಮರಾಠಿಯಲ್ಲಿ ಕೂಗಿದ.

ರಾಯರು ತಲೆ ಎತ್ತಿದರು. "ನಿಂತರೆ ಔಟಾ ಮಾರಾಯ್ರೆ?"

"ಫ್ರೀಸ್ಟೈಲಿನಲ್ಲಿ ನಿಲ್ಲಬಹುದು. ಆದರೆ ನಡೆಯಬಾರದು," ಎಂದೆ.

"ಹಾಗಾದ್ರೆ ನಮ್ಮ ಕಲ್ಯಾಣದ ಲೋಕಲ್ ರೈಲೇ! ಅಭ್ಯಾಸ ಉಂಟು."

ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತರು. ಒಂದು ಹೆಜ್ಜೆ ಇಟ್ಟಿದ್ದರೆ ನಾನು ಕೈ ಎತ್ತಲೇಬೇಕಿತ್ತು. ಇಡಬೇಡಿ ರಾಯರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇಡಲಿಲ್ಲ. ಹಾಸಿಗೆಗೆ ಒರಗುವವರಂತೆ ನೀರಿಗೆ ಒರಗಿ, ಈಜಿ, ಎಲ್ಲರಿಗಿಂತ ಕೊನೆಗೆ ಗೋಡೆ ಮುಟ್ಟಿದರು.

ಸಂಜೆ ಲೋಕಲ್‌ನಲ್ಲಿ ನಿಂತೇ ಹೊರಟೆ. ಡೊಂಬಿವಲಿಯಲ್ಲಿ ಇಳಿಯಬೇಕಿತ್ತು, ಜನರ ಒತ್ತಿನಲ್ಲಿ ಬಾಗಿಲ ಕಡೆ ಒಂದು ಹೆಜ್ಜೆಯೂ ಇಡಲಾಗದೆ ಕಲ್ಯಾಣಕ್ಕೇ ಹೋಗಿ ಇಳಿದೆ. ನಿಯಮ ಮಾತ್ರ ನಾನೂ ಮುರಿಯಲಿಲ್ಲ.